‘ಬಾಡಿ ಅಂಡ್ ಸೋಲ್’: ಯಾರದ್ದನ್ನು ಮೊದಲು ಕೇಳಬೇಕು?

ಜಾಝ್ ಕೇಳಲು ಶುರು ಮಾಡಿದವರು ‘ಬಾಡಿ ಅಂಡ್ ಸೋಲ್’ ಹಾಡಿನ ಬಗ್ಗೆ ಯಾರನ್ನೇ ಕೇಳಲಿ, ಮೊದಲು ಸಿಗುವ ಹೆಸರು ಸ್ಯಾಕ್ಸೊಫೋನ್ ವಾದಕ ಕೋಲ್ಮನ್ ಹಾಕಿನ್ಸ್. 1939ರ ಆ ರೆಕಾರ್ಡು ದೊಡ್ಡದು ಅನ್ನುವುದರಲ್ಲಿ ನನಗೂ ಎರಡು ಮಾತಿಲ್ಲ. ಆದರೆ ಮೊದಲು ಅದನ್ನೇ ಕೇಳಿ ಅನ್ನುವ ಸಲಹೆ ಮಾತ್ರ ನನಗೆ ಒಪ್ಪಿಗೆಯಿಲ್ಲ. ಅದರಲ್ಲಿ ಮೂಲ ಧಾಟಿ ಇರುವುದೇ ಅಷ್ಟಕ್ಕಷ್ಟೆ. ಹಾಡೇ ಗೊತ್ತಿಲ್ಲದವರಿಗೆ ಹಾಕಿನ್ಸ್ ಏನನ್ನು ಬಿಟ್ಟರು, ಏನನ್ನು ಸೇರಿಸಿದರು ಅಂತ ಹೇಗೆ ಗೊತ್ತಾಗಬೇಕು? ಹಾಗಾಗಿ ಮುಖ್ಯವಾದ ಕೆಲವು ಧ್ವನಿಮುದ್ರಣಗಳನ್ನು ಒಂದೇ ಹೆಡ್‌ಫೋನಿನಲ್ಲಿ, ಒಂದರ ಹಿಂದೆ ಒಂದರಂತೆ, ಕ್ರಮ ಅದಲು ಬದಲು ಮಾಡಿ ಕೇಳುತ್ತಾ ಬಂದೆ.

ಹಾಡು ಹುಟ್ಟಿದ್ದು 1930ರಲ್ಲಿ. ಧಾಟಿ ನ್ಯೂಯಾರ್ಕಿನ ಜಾನಿ ಗ್ರೀನ್ ಅವರದು, ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಸಾಹಿತ್ಯಕ್ಕೆ ಎಡ್ವರ್ಡ್ ಹೇಮನ್, ರಾಬರ್ಟ್ ಸೋರ್, ಫ್ರಾಂಕ್ ಐಟನ್ ಮೂವರ ಹೆಸರಿದೆ. ಬರೆದದ್ದು ಇಂಗ್ಲಿಷ್ ನಟಿ ಗರ್ಟ್ರೂಡ್ ಲಾರೆನ್ಸ್‌ಗಾಗಿ. ಅದೇ ವರ್ಷ ಬ್ರಾಡ್‌ವೇಯ ‘ತ್ರೀಸ್ ಎ ಕ್ರೌಡ್’ ಪ್ರದರ್ಶನದಲ್ಲಿ ಲಿಬ್ಬಿ ಹೋಲ್ಮನ್ ಹಾಡಿದರು. ಲೂಯಿ ಆರ್ಮ್‌ಸ್ಟ್ರಾಂಗ್ ಕೂಡ ಆ ವರ್ಷವೇ ರೆಕಾರ್ಡು ಮಾಡಿದರು.

ಹೋಲಿಸುವುದಕ್ಕೆ ಒಂದು ಹಿಡಿ ಬೇಕಲ್ವಾ? ನಾನು ಹಿಡಿದದ್ದು ನಡುವಿನ ಎಂಟು ಆವರ್ತ (ನಾಲ್ಕು ಎಣಿಕೆಯ ಒಂದು ‘ಬಾರ್’ ಅನ್ನು ಇಲ್ಲಿ ಆವರ್ತ ಅನ್ನುತ್ತಿದ್ದೇನೆ). ಹಾಡು ಒಟ್ಟು 32 ಆವರ್ತ. ಮೊದಲ ಎಂಟು, ಅದೇ ಧಾಟಿ ಇನ್ನೊಮ್ಮೆ, ಆಮೇಲೆ ಬೇರೆ ಧಾಟಿಯ ಎಂಟು, ಕೊನೆಗೆ ಮತ್ತೆ ಮೊದಲಿನದು. ಆ ಬೇರೆ ಎಂಟಕ್ಕೆ ಜಾಝ್‌ನವರು ಬ್ರಿಜ್ ಅನ್ನುತ್ತಾರೆ. ಡಿ ಫ್ಲ್ಯಾಟ್ ಶ್ರುತಿಯಲ್ಲಿ ಸಾಗುತ್ತಿದ್ದ ಹಾಡು ಬ್ರಿಜ್ ಬಂದ ತಕ್ಷಣ ಅರ್ಧ ಸ್ವರ ಮೇಲಕ್ಕೆ, ಡಿ ಶ್ರುತಿಗೆ ಹೋಗುತ್ತದೆ. ಅಲ್ಲಿಂದ ಸಿ ಶ್ರುತಿಗೆ ಇಳಿದು, ಮೆಟ್ಟಿಲು ಮೆಟ್ಟಿಲಾಗಿ ವಾಪಸ್ ತನ್ನ ಶ್ರುತಿಗೆ ಬರುತ್ತದೆ. 1930ರ ಜನಪ್ರಿಯ ಹಾಡಿನಲ್ಲಿ ಇಂಥ ನಡೆ ಅಪರೂಪ. ಒಬ್ಬ ಕಲಾವಿದ ಈ ಜಾಗವನ್ನು ಹೇಗೆ ದಾಟುತ್ತಾನೆ ಅನ್ನುವುದರಲ್ಲೇ ಅವನ ಸ್ವಭಾವ ಗೊತ್ತಾಗುತ್ತದೆ.

ಬೆನ್ನಿ ಗುಡ್‌ಮನ್ ಟ್ರಯೊದ 1935ರ ರೆಕಾರ್ಡು ತುಂಬ ಅಚ್ಚುಕಟ್ಟು. ಕ್ಲಾರಿನೆಟ್, ಪಿಯಾನೊ, ಡ್ರಮ್ಸ್, ಅಷ್ಟೇ. ಕೆಳಗಿನ ಸ್ವರ ಹಿಡಿಯುವ ಬೇಸ್ ವಾದ್ಯ ಇಲ್ಲ. ಆ ಕೆಲಸವನ್ನೂ ಟೆಡ್ಡಿ ವಿಲ್ಸನ್ ಅವರ ಎಡಗೈ ಮಾಡುತ್ತದೆ. ಕಪ್ಪು ಮತ್ತು ಬಿಳಿ ಕಲಾವಿದರು ಜನರ ಮುಂದೆ ಒಂದೇ ವೇದಿಕೆ ಹತ್ತುವುದು ಕಷ್ಟವಿದ್ದ ಕಾಲದಲ್ಲಿ ವಿಲ್ಸನ್, ಗುಡ್‌ಮನ್, ಜೀನ್ ಕ್ರೂಪಾ ಒಟ್ಟಿಗೆ ನುಡಿಸಿದರು. ಆ ಧೈರ್ಯಕ್ಕೆ ನಮಸ್ಕಾರ. ಕೇಳಲೂ ಹಿತವಾಗಿದೆ. ಆದರೆ ಬ್ರಿಜ್‌ನಲ್ಲಿ ಎದೆ ಝಲ್ಲೆನ್ನುವುದಿಲ್ಲ, ಶ್ರುತಿ ಬದಲಾದದ್ದೇ ಗೊತ್ತಾಗದಷ್ಟು ನಯ.

ಹಾಕಿನ್ಸ್ ಕಥೆ ಬೇರೆ. ಐದು ವರ್ಷ ಯುರೋಪಿನಲ್ಲಿದ್ದು 1939ರಲ್ಲಿ ನ್ಯೂಯಾರ್ಕಿಗೆ ಮರಳಿದ್ದರು. ಅಕ್ಟೋಬರ್ 11ರಂದು ಬ್ಲೂಬರ್ಡ್ ಕಂಪನಿಗೆ ಇದನ್ನು ನುಡಿಸಿದರು. ಜೀನ್ ರಾಜರ್ಸ್ ಪಿಯಾನೊದಲ್ಲಿ ನಾಲ್ಕು ಆವರ್ತದ ಪೀಠಿಕೆ ಹಾಕುತ್ತಾರೆ. ಆಮೇಲೆ ಪೂರ್ತಿ 64 ಆವರ್ತ ಟೆನರ್ ಸ್ಯಾಕ್ಸೊಫೋನಿನದೇ. ಶುರುವಿನಲ್ಲಿ ಧಾಟಿಯನ್ನು ಒಂಚೂರು ತೋರಿಸಿ ಹಾಕಿನ್ಸ್ ಹೊರಟುಬಿಡುತ್ತಾರೆ. ಮತ್ತೆ ಆ ಕಡೆ ತಿರುಗಿ ನೋಡುವುದಿಲ್ಲ. ಆಲಾಪನೆ ಕೇಳಿ ಪಳಗಿದ ಕಿವಿಗೆ ಇದು ಬೇಗ ಹಿಡಿಸುತ್ತದೆ: ಸಾಹಿತ್ಯ ಇಲ್ಲ, ಕೃತಿ ಇಲ್ಲ, ಆದರೂ ಇದು ಇಂಥದ್ದೇ ಅಂತ ಗುರುತು ಸಿಗುತ್ತದೆ. ಇಲ್ಲಿ ಗುರುತು ಕೊಡುವುದು ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು. ಒಂದೊಂದು ಕಾರ್ಡಿನ ಸ್ವರಗಳನ್ನೂ ಬಿಡಿಸಿ, ಮೇಲೆ ಕೆಳಗೆ ಓಡಾಡಿ, ಮುಂದಿನ ಕಾರ್ಡಿಗೆ ಸರಿಯಾದ ಹೊತ್ತಿಗೆ ಬಂದು ನಿಲ್ಲುತ್ತಾರೆ. ಬ್ರಿಜ್‌ನಲ್ಲೂ ಉಸಿರು ಬಿಗಿ ಹಿಡಿದು ಜಿಗಿಯುವುದಿಲ್ಲ, ಮಾತಾಡುತ್ತಾ ಹೊಸಿಲು ದಾಟಿದ ಹಾಗೆ ದಾಟುತ್ತಾರೆ. ಎರಡನೇ ಸುತ್ತಿನಲ್ಲಿ ಹಿಂದಿನಿಂದ ಉಳಿದ ವಾದ್ಯಗಳು ಸೇರಿಕೊಳ್ಳುತ್ತವೆ, ನಾದ ದಪ್ಪಗಾಗುತ್ತದೆ, ಕೊನೆಯ ಎಂಟು ಆವರ್ತದ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ. ಎಲ್ಲ ಮೂರು ನಿಮಿಷದಲ್ಲಿ. ಟೆನರ್ ಸ್ಯಾಕ್ಸ್ ನುಡಿಸುವ ಎಷ್ಟೋ ಜನ ಈ ಸೋಲೊವನ್ನು ಸ್ವರ ಸ್ವರವಾಗಿ ಬಾಯಿಪಾಠ ಮಾಡಿದ್ದಾರೆ. ಎಡ್ಡಿ ಜೆಫರ್ಸನ್ ಇದಕ್ಕೆ ಸಾಹಿತ್ಯವನ್ನೇ ಕೂರಿಸಿ ಹಾಡಿದರು.

ಗಾಯಕಿ ಬಿಲ್ಲಿ ಹಾಲಿಡೇ ಅವರ ರೆಕಾರ್ಡುಗಳಲ್ಲಿ ಎರಡನ್ನು ಕೇಳಲೇಬೇಕು. 1940ರದು ತರುಣ ದನಿ. ಧಾಟಿ ಸ್ಪಷ್ಟವಾಗಿ ಕಿವಿಗೆ ಬೀಳುತ್ತದೆ, ತಾಳಕ್ಕಿಂತ ಒಂದು ಕೂದಲೆಳೆ ಹಿಂದೆ ಪದಗಳನ್ನು ಇಡುವ ಅವರ ರೀತಿಯೂ ಇದೆ. 1957ರ ವರ್ವ್ ಕಂಪನಿಯ ಆಲ್ಬಂನಲ್ಲಿ ದನಿ ಸವೆದಿದೆ, ಬಿರುಕು ಬಿಟ್ಟಿದೆ. ಆ ತಂಡದಲ್ಲಿ ಬೆನ್ ವೆಬ್‌ಸ್ಟರ್ ಅವರ ಸ್ಯಾಕ್ಸೊಫೋನೂ ಇದೆ. ಇನ್ನೆರಡು ವರ್ಷಕ್ಕೆ ಹಾಲಿಡೇ ತೀರಿಕೊಂಡರು. ಇಲ್ಲಿ ಬ್ರಿಜ್ ಬಂದಾಗ ‘ನಂಬೋಕೇ ಆಗ್ತಿಲ್ಲ’ ಅನ್ನುವ ಅರ್ಥದ ಸಾಲು ಹಾಡಿನಂತೆ ಅಲ್ಲ, ಪಕ್ಕದಲ್ಲಿ ಕೂತು ಹೇಳಿದಂತೆ ಕೇಳುತ್ತದೆ. ದನಿ ಚೆನ್ನಾಗಿರುವುದು 1940ರಲ್ಲಿ, ಹಾಡು ಆಳವಾಗಿರುವುದು 1957ರಲ್ಲಿ. ನನಗೆ ಒಂದನ್ನೇ ಉಳಿಸಿಕೊಳ್ಳಿ ಅಂದರೆ 1957ರದ್ದನ್ನು ಉಳಿಸಿಕೊಳ್ಳುತ್ತೇನೆ.

ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ 1960ರಲ್ಲಿ ಮಾಡಿದ್ದು ‘ಕೋಲ್ಟ್ರೇನ್ಸ್ ಸೌಂಡ್’ ಆಲ್ಬಂನಲ್ಲಿದೆ, ಹೊರಬಂದದ್ದು 1964ರಲ್ಲಿ. ನಿಧಾನದ ಹಾಡಿಗೆ ಇವರು ನಡಿಗೆಯ ವೇಗ ಕೊಟ್ಟರು. ಮೊದಲ ಎಂಟರಲ್ಲಿ ಬೇಸ್ ಒಂದೇ ಜಾಗ ಹಿಡಿದು ಬಡಿಯುತ್ತಿರುತ್ತದೆ, ಮೇಲೆ ಮೆಕಾಯ್ ಟೈನರ್ ಅವರ ಪಿಯಾನೊ ಕಾರ್ಡ್‌ಗಳು ತೂಗಾಡುತ್ತವೆ. ಬ್ರಿಜ್ ಬಂತೋ, ನಿಂತಿದ್ದೆಲ್ಲ ಓಡಲು ಶುರು. ತಮ್ಮದೇ ‘ಜೈಂಟ್ ಸ್ಟೆಪ್ಸ್’ ಎಂಬ ರಚನೆಯಲ್ಲಿ ಮಾಡಿದ ಹಾಗೆ ಹೊಸ ಕಾರ್ಡ್‌ಗಳನ್ನು ಅಲ್ಲಿ ತುಂಬಿದ್ದಾರೆ. ನನ್ನ ಪರೀಕ್ಷೆಯಲ್ಲಿ ಆ ಎಂಟು ಆವರ್ತವನ್ನು ಅತಿ ಹೆಚ್ಚು ಬದಲಿಸಿದವರು ಇವರೇ. ಮೂಲ ಗೊತ್ತಿದ್ದರೆ ರೋಮಾಂಚನ, ಗೊತ್ತಿಲ್ಲದಿದ್ದರೆ ಸುಮ್ನೆ ಒಂದು ಒಳ್ಳೆಯ ಟ್ಯೂನು.

ಏಮಿ ವೈನ್‌ಹೌಸ್ ಮತ್ತು ಟೋನಿ ಬೆನೆಟ್ 2011ರ ಮಾರ್ಚ್‌ನಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೊದಲ್ಲಿ ಹಾಡಿದರು. ಆಗ ಬೆನೆಟ್ ಅವರಿಗೆ 84, ಏಮಿಗೆ 27. ಜುಲೈನಲ್ಲಿ ಏಮಿ ತೀರಿಹೋದರು, ಮರುವರ್ಷ ಇದಕ್ಕೆ ಗ್ರ್ಯಾಮಿ ಬಂತು. ವಾದ್ಯವೃಂದ ನನಗೆ ಸ್ವಲ್ಪ ಜಾಸ್ತಿ ಅನ್ನಿಸಿತು. ಆದರೆ ಏಮಿ ಅವರ ದನಿಯಲ್ಲಿ ಹಳೆಯ ಜಾಝ್ ಗಾಯಕಿಯರ ಪಾಠ ನಿಚ್ಚಳವಾಗಿದೆ. ಧ್ವನಿಮುದ್ರಣ ಹೊಸದಾದ್ದರಿಂದ ಹಳೆಯ 78 ಆರ್‌ಪಿಎಂ ಪ್ಲೇಟಿನ ಸರಸರ ಸದ್ದು ಸಹಿಸದವರಿಗೆ ಇದೇ ಸುಲಭದ ಬಾಗಿಲು.

ನಾನು ಹೇಳುವ ಕ್ರಮ ಹೀಗೆ. ಮೊದಲು 1940ರ ಹಾಲಿಡೇ, ಧಾಟಿ ನಿಮ್ಮ ಬಾಯಿಗೆ ಬರುವ ತನಕ. ಆಮೇಲೆ ಹಾಕಿನ್ಸ್, ಅವರು ನುಡಿಸುವಾಗ ಮೂಲ ಧಾಟಿಯನ್ನು ಮನಸ್ಸಿನಲ್ಲೇ ಗುನುಗುತ್ತಾ. ಕೋಲ್ಟ್ರೇನ್ ಅದರ ನಂತರ. 1957ರ ಹಾಲಿಡೇ ಕೊನೆಗೆ. ಗುಡ್‌ಮನ್ ಮತ್ತು ಏಮಿ ಯಾವಾಗ ಬೇಕಾದರೂ ಆಗಬಹುದು. ಹುಡುಕುವಾಗ ಇಸವಿ ನೋಡಿಕೊಳ್ಳಿ: ಹಾಕಿನ್ಸ್ ಈ ಹಾಡನ್ನು ಮುಂದೆಯೂ ಹಲವು ಸಲ ನುಡಿಸಿದ್ದಾರೆ, ಆ್ಯಪ್‌ಗಳಲ್ಲಿ ಎಲ್ಲ ಒಂದೇ ಹೆಸರಿನಲ್ಲಿ ಬರುತ್ತವೆ. ಸುಮಾರು ಮೂರು ನಿಮಿಷದ್ದು, ಪಿಯಾನೊದಿಂದ ಶುರುವಾಗುವುದು ಇದ್ದರೆ ಬಹುತೇಕ ಅದೇ 1939ರದ್ದು.