ಡಿಸೆಬಿಲಿಟಿ ಪೆನ್ಶನ್ ಕೇಸನ್ನು ಏಜೆಂಟನ ಕೈಗೆ ಕೊಟ್ಟು ನಾಲ್ಕು ವರ್ಷ ಕಳೆದುಕೊಂಡೆ

'ನೀವು ಸಹಿ ಹಾಕಿ ಸಾಕು ಸಾಹೇಬ್ರೇ, ಉಳಿದದ್ದು ನಂಗೆ ಬಿಡಿ' ಎಂದವನಿಗೆ ಕಷಾಯ ಕೊಟ್ಟೆ. ಜೊತೆಗೆ ಸೇನೆಯ ಸೇವೆ, ಬಿಡುಗಡೆಯ ವಿವರವಿರುವ ಮೂಲ ಡಿಸ್ಚಾರ್ಜ್ ಬುಕ್ಕನ್ನೂ ಕೊಟ್ಟೆ. ಆ ಎರಡನೆಯದು ದೊಡ್ಡ ತಪ್ಪು.

ನಮ್ಮದು ಶಿರಸಿ ಕಡೆಯ ಹಳ್ಳಿ. 2006ರಲ್ಲಿ ಸೇನೆಯಿಂದ ಬರುವಾಗ ಮೆಡಿಕಲ್ ಬೋರ್ಡ್ ನನ್ನ ಬಿಪಿಗೆ 30 ಪರ್ಸೆಂಟ್ ಡಿಸೆಬಿಲಿಟಿ ಬರೆದಿತ್ತು. ಅದರ ಕೆಳಗೇ ಇನ್ನೊಂದು ಸಾಲು: ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಅಷ್ಟಕ್ಕೇ ಡಿಸೆಬಿಲಿಟಿ ಪೆನ್ಶನ್ ಇಲ್ಲ ಎಂದರು. ಮೊದಲ ಅಪೀಲೂ ಬಿದ್ದುಹೋಯಿತು. ಮಾಮೂಲಿ ಪೆನ್ಶನ್ ಬರುತ್ತಿತ್ತಲ್ಲ, ಸುಮ್ಮನಾದೆ.

ಆಮೇಲೆ ಗಾಳಿ ತಿರುಗಿತು. ಭರ್ತಿಯಾಗುವಾಗ ದಾಖಲೆಯಲ್ಲಿ ಇಲ್ಲದ ಕಾಯಿಲೆ ಮುಂದೆ ಬಂದರೆ ಸೇವೆಯಿಂದಲೇ ಬಂತೆಂದು ಹಿಡಿಯಬೇಕು, ಅಲ್ಲ ಎನ್ನುವುದಾದರೆ ಬೋರ್ಡ್ ಕಾರಣ ಬರೆಯಬೇಕು ಎಂದು 2013ರ ಧರಮ್‌ವೀರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2014ರ ಡಿಸೆಂಬರಿನ ರಾಮ್ ಅವತಾರ್ ತೀರ್ಪಿನಿಂದ ನನ್ನಂಥ 30 ಪರ್ಸೆಂಟಿನವರಿಗೂ 50 ಪರ್ಸೆಂಟಿನ ಲೆಕ್ಕದಲ್ಲಿ ಪೆನ್ಶನ್ ಸಿಗುವಂತಾಯಿತು. ಏಜೆಂಟ್ ನಮ್ಮ ಜಗಲಿ ಹತ್ತಿದ್ದು ಅದಾದ ಮೇಲೆ, 2015ರಲ್ಲಿ. ಮುಂಗಡ 15 ಸಾವಿರ, ಅರಿಯರ್ಸ್ (ಹಿಂದಿನ ಬಾಕಿ) ಬಂದರೆ ಅದರಲ್ಲಿ ಕಾಲು ಪಾಲು.

ಯಾವಾಗ ಫೋನ್ ಮಾಡಿದರೂ 'ಫೈಲ್ ದಿಲ್ಲಿಯಲ್ಲಿದೆ'. ನಡುವೆ ಎರಡು ಸಲ ಸೈನಿಕರ ದಾಖಲೆ ಇಡುವ ರೆಕಾರ್ಡ್ಸ್ ಆಫೀಸಿನಿಂದ 'ಈ ವಿಷಯ ಮೊದಲೇ ತೀರ್ಮಾನವಾಗಿದೆ' ಎಂಬ ಕಾಗದ ಬಂತು. ಅದೂ ಕೇಸಿನ ಭಾಗ ಅಂದ. ನಂಬಿದೆ.

2019ರಲ್ಲಿ ಕಾರವಾರಕ್ಕೆ ಹೋಗುವಾಗ ಬಸ್ಸಿನಲ್ಲಿ ನೇವಿಯಿಂದ ರಿಟೈರ್ ಆದ ಒಬ್ಬರು ಪಕ್ಕದಲ್ಲಿ ಕೂತಿದ್ದರು. ಕತೆಯೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: 'ನಿಮ್ಮ ಓಎ ನಂಬರ್ ಎಷ್ಟು?' ನನ್ನ ಹತ್ತಿರ ಯಾವ ನಂಬರೂ ಇರಲಿಲ್ಲ. ಓಎ ಅಂದರೆ ಮೂಲ ಅರ್ಜಿ; ಸೈನಿಕರ ಇಂಥ ಕೇಸು ಕೇಳುವ ಸಶಸ್ತ್ರ ಪಡೆಗಳ ಟ್ರಿಬ್ಯುನಲ್‌ನಲ್ಲಿ ಅದು ದಾಖಲಾದರೆ ನಂಬರ್ ಬರಲೇಬೇಕು. ಈ ಪುಣ್ಯಾತ್ಮ ಟ್ರಿಬ್ಯುನಲ್ ಕಡೆ ತಲೆಯನ್ನೇ ಹಾಕಿರಲಿಲ್ಲ. ಹಳೇ ಮನವಿಯನ್ನೇ ದಿನಾಂಕ ಬದಲಿಸಿ ಮತ್ತೆ ಮತ್ತೆ ರೆಕಾರ್ಡ್ಸ್ ಆಫೀಸಿಗೆ ಕಳಿಸುತ್ತಿದ್ದ, ಅಷ್ಟೇ. ಅದಕ್ಕೆ ಬೇರೆ ಉತ್ತರ ಹೇಗೆ ಬಂದೀತು?

ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಮೆಡಿಕಲ್ ಬೋರ್ಡಿನ ಪೂರ್ತಿ ಕಾಗದ ಮನೆಗೇ ಬಂತು. ಕಾರಣದ ಜಾಗದಲ್ಲಿ ಏನೂ ಇರಲಿಲ್ಲ! ಅದನ್ನೇ ಹಿಡಿದು ಅದೇ ವರ್ಷ ವಕೀಲರ ಮೂಲಕ ಟ್ರಿಬ್ಯುನಲ್‌ಗೆ ಅರ್ಜಿ ಹಾಕಿಸಿದೆ. ತಡವಾದದ್ದಕ್ಕೆ ಕ್ಷಮೆ ಕೇಳುವ ಅರ್ಜಿಯೂ ಜೊತೆಗೇ ಹೋಯಿತು. ಗೆದ್ದೆ.

ಆದರೆ ಅರಿಯರ್ಸ್ ಸಿಕ್ಕಿದ್ದು ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷದ್ದು ಮಾತ್ರ. ಇಂಥ ಹಳೇ ಕೇಸುಗಳಲ್ಲಿ ಆಗ ಸಾಮಾನ್ಯವಾಗಿ ಹಾಗೇ ಕೊಡುತ್ತಿದ್ದರು. 2015ರಲ್ಲೇ ಹಾಕಿದ್ದರೆ 2012ರಿಂದ ಬರುತ್ತಿತ್ತು, ಈಗ 2016ರಿಂದ. ಕೊಟ್ಟ 15 ಸಾವಿರದ ಬೇಜಾರು ಎಂದೋ ಹೋಗಿದೆ, ಈ ನಾಲ್ಕು ವರ್ಷದ್ದು ಹೋಗಿಲ್ಲ. ಯಾರಿಗಾದರೂ ಕೇಸು ಕೊಟ್ಟಿದ್ದರೆ ಇವತ್ತೇ ಓಎ ನಂಬರ್ ಕೇಳಿ. ಮೂಲ ಕಾಗದ ಕೊಡಬೇಡಿ, ಝೆರಾಕ್ಸ್ ಸಾಕು. (ಇತ್ತೀಚೆಗೆ ಬಿಡುಗಡೆಯಾದವರಿಗೆ 2023ರ ಹೊಸ ನಿಯಮ ಇದೆ, ನನ್ನ ಲೆಕ್ಕ ಹಚ್ಚಬೇಡಿ.)

ಡಿಸ್ಚಾರ್ಜ್ ಬುಕ್ ಇನ್ನೂ ಅವನ ಹತ್ತಿರವೇ ಇದೆ. ಹಣ ಬಂದ ಸುದ್ದಿ ಅದು ಹೇಗೆ ಸಿಕ್ಕಿತೋ, ಫೋನ್ ಮಾಡಿದ್ದ. ಕಾಲು ಪಾಲು ಯಾವಾಗ ಕೊಡ್ತೀರಿ ಅಂತ.