ಧಾರವಾಡದಾಗ ಫ್ಲ್ಯಾಟಿಗೆ ಸಂಚಕಾರ (ಮುಂಗಡ) ಕೊಡೋಕಿಂತ ಮುಂಚೆ ಇದನ್ನ ಓದ್ರಿ

"ಹತ್ತು ಪರ್ಸೆಂಟ್ ನಿಮ್ದು, ತೊಂಬತ್ತು ಬ್ಯಾಂಕಿಂದು. ಬಾಡಿಗಿಯೊಳಗ ಇಎಂಐ ಹೋಕ್ಕೈತ್ರಿ ಸರ." ಸಪ್ತಾಪುರದ ಕಡೆ ಕೋಚಿಂಗ್ ಹುಡುಗರಿಗೆ ಬಾಡಿಗೆ ಕೊಡಬೇಕೆಂದು ಫ್ಲ್ಯಾಟ್ ಹುಡುಕುತ್ತಿದ್ದ ನನಗೆ ಏಜೆಂಟ್ ಹೇಳಿದ್ದು ಇಷ್ಟೇ. 48 ಲಕ್ಷದ ಟೂ ಬಿಎಚ್‌ಕೆಗೆ 4.8 ಲಕ್ಷ ಸಂಚಕಾರ ಹಾಕಿಸಿಕೊಂಡರು. ಅದರಲ್ಲಿ ಅರ್ಧ ಇನ್ನೂ ಬಿಲ್ಡರ್ ಹತ್ತಿರವೇ ಇದೆ.

ತೊಂಬತ್ತರ ಲೆಕ್ಕ ಸುಳ್ಳೇನಲ್ಲ, ಆದರೆ ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಅದು ಇರೋದು 30 ಲಕ್ಷದವರೆಗಿನ ಗೃಹಸಾಲಕ್ಕೆ. ಅದರ ಮೇಲೆ 75 ಲಕ್ಷದವರೆಗೆ ಎಂಬತ್ತೇ ಗರಿಷ್ಠ. ಅದೂ ಬಿಲ್ಡರ್ ಹೇಳಿದ ರೇಟಿಗಲ್ಲ. ಬ್ಯಾಂಕಿನ ವ್ಯಾಲ್ಯುವರ್ (ಬೆಲೆ ಕಟ್ಟುವವ) ಬಂದು, ಲೇಸರ್ ಮೀಟರಿನಿಂದ ಗೋಡೆಯಿಂದ ಗೋಡೆಗೆ ಅಳೆದು, ಬಾಲ್ಕನಿಯಲ್ಲಿ ನಿಂತು ಏನೋ ಗೀಚಿಕೊಂಡು ಹೋದ. ಬಿಲ್ಡರ್ ರೇಟಿನಲ್ಲಿ ಸೇರಿದ್ದ ಮಾಡ್ಯುಲರ್ ಕಿಚನ್, ವಾರ್ಡ್‌ರೋಬ್, ಇನ್ನೂ ಅಡಿಪಾಯವೇ ಬೀಳದ ಕ್ಲಬ್ ಹೌಸ್ ಯಾವುದೂ ಆತನ ಲೆಕ್ಕಕ್ಕೆ ಬರಲಿಲ್ಲ. ವರದಿಯಲ್ಲಿ ಬಂದದ್ದು 42 ಲಕ್ಷ. ಅದರ ಎಂಬತ್ತು ಪರ್ಸೆಂಟ್ ಅಂದರೆ 33.6 ಲಕ್ಷ. ಉಳಿದ 14.4 ಲಕ್ಷ ಕೈಯಿಂದ. ಸ್ಟ್ಯಾಂಪ್, ನೋಂದಣಿ ಖರ್ಚು ಬೇರೆ, ಅದಕ್ಕೆ ಬ್ಯಾಂಕ್ ಸಾಲ ಸಿಗೋದಿಲ್ಲ. ನೋಂದಣಿ ಶುಲ್ಕವೂ 2025ರ ಆಗಸ್ಟ್ ಕೊನೆಯಿಂದ ಒಂದರಿಂದ ಎರಡು ಪರ್ಸೆಂಟ್ ಆಗಿದೆ. ಒಟ್ಟು 18 ಲಕ್ಷ ದಾಟಿತು. ಬಾಡಿಗೆಯ ಮಾತೂ ಹಾಗೇ: ಇಎಂಐ 29 ಸಾವಿರದ ಹತ್ತಿರ, ಪಕ್ಕದ ಬಿಲ್ಡಿಂಗಿನಲ್ಲಿ ಅಂಥದೇ ಮನೆಯ ಬಾಡಿಗೆ 14 ಸಾವಿರ.

ಇದನ್ನು ಹೇಳಿದರೆ ಏಜೆಂಟನಿಗೆ ಗಾಬರಿಯೇ ಇಲ್ಲ. "ಪರ್ಸನಲ್ ಲೋನ್ ತಗೋರಿ ಸರ, ಎಲ್ಲಾರೂ ಹಂಗ ಮಾಡ್ತಾರ." ದಯವಿಟ್ಟು ಇದಕ್ಕೆ ಬೀಳಬೇಡಿ. ಪರ್ಸನಲ್ ಲೋನಿನ ಕಂತು ಸಿಬಿಲ್‌ನಲ್ಲಿ, ಅಂದರೆ ನಮ್ಮ ಸಾಲಗಳ ದಾಖಲೆಯಲ್ಲಿ, ಕಾಣುತ್ತದೆ, ಬ್ಯಾಂಕಿನವರು ಅದನ್ನು ಸಂಬಳದಲ್ಲಿ ಕಳೆದು ಗೃಹಸಾಲವನ್ನೇ ಇನ್ನಷ್ಟು ಇಳಿಸುತ್ತಾರೆ. ಒಂದಿಷ್ಟು ನಗದು ಕೊಟ್ಟು ಕಾಗದದಲ್ಲಿ ರೇಟು ಕಡಿಮೆ ತೋರಿಸುವ ಸಲಹೆಯೂ ಬಂತು. ಕಾಗದದ ರೇಟು ಇಳಿದರೆ ಸಾಲವೂ ಇಳಿಯುತ್ತದೆ. ಮೇಲಾಗಿ ಆಸ್ತಿ ವ್ಯವಹಾರಕ್ಕೆ 20,000 ರೂಪಾಯಿ ಅಥವಾ ಹೆಚ್ಚು ನಗದು ಮುಂಗಡ ಪಡೆಯೋದು ಆದಾಯ ತೆರಿಗೆ ಕಾನೂನಿನಲ್ಲೇ ನಿಷಿದ್ಧ.

ಸಂಚಕಾರ ಸರಿಯಾಗಿ ಹತ್ತು ಪರ್ಸೆಂಟಿಗೇ ಯಾಕೆ ನಿಂತಿತು ಎನ್ನುವುದನ್ನೂ ನೋಡಿ. ಮನೆ ಕೊಳ್ಳುವವರ ರಕ್ಷಣೆಗೆ ಇರುವ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ ಅದಕ್ಕಿಂತ ಹೆಚ್ಚು ಪಡೆಯಬೇಕೆಂದರೆ ಮೊದಲು ಕರಾರು ಪತ್ರ ನೋಂದಣಿ ಆಗಬೇಕು. ಹತ್ತರೊಳಗೆ ಇಟ್ಟುಕೊಂಡರೆ ಬಾಂಡ್ ಪೇಪರಿನಲ್ಲೇ ಮುಗಿಸಬಹುದು. ನನ್ನ ಪೇಪರಿನಲ್ಲಿ "ಅವಧಿಯೊಳಗೆ ಖರೀದಿ ಪೂರ್ಣಗೊಳಿಸದಿದ್ದಲ್ಲಿ ಸಂಚಕಾರ ಜಪ್ತಿ" ಅಂತಿತ್ತು. ಸಾಲ ಪೂರ್ತಿ ಸಿಗದಿದ್ದರೆ ಹಣ ವಾಪಸ್ ಎಂದು ಒಂದು ಸಾಲು ಸೇರಿಸಿ ಅಂದಾಗ, "ನಮ್ಮ ಮ್ಯಾಲ ನಂಬಿಕಿ ಇಲ್ಲೇನ್ರಿ?" ಎಂದು ನಕ್ಕು, ಚಹಾ ತರಿಸಿದ್ದರು.

ಖರೀದಿ ಕೈಬಿಟ್ಟೆ, ವಕೀಲರ ನೋಟಿಸ್ ಹೋದ ಮೇಲೆ ಸಂಚಕಾರದ ಅರ್ಧ ವಾಪಸ್ ಬಂತು. ಉಳಿದದ್ದಕ್ಕೆ ಆ ಕಾಯ್ದೆಯ ಪ್ರಾಧಿಕಾರವಾದ ಕರ್ನಾಟಕ ರೇರಾಕ್ಕೆ ಆನ್‌ಲೈನಿನಲ್ಲಿ ದೂರು ಕೊಟ್ಟಿದ್ದೇನೆ. ಈಗ ಫ್ಲ್ಯಾಟ್ ನೋಡುತ್ತಿರುವವರು ಬ್ಯಾಂಕಿನ ಪ್ಯಾನೆಲ್‌ನಲ್ಲಿರುವ ವ್ಯಾಲ್ಯುವರ್‌ಗೆ ಮೊದಲೇ ಫೀ ಕೊಟ್ಟು ಬೆಲೆ ಕಟ್ಟಿಸಿ. ಸಾಲ ಸಿಗದಿದ್ದರೆ ವಾಪಸ್ ಎಂಬ ಆ ಸಾಲನ್ನು ಪೇಪರಿನಲ್ಲಿ ಬರೆಸಿ. ಬರೆಯಲ್ಲ ಅಂದರೆ ಚೆಕ್‌ಬುಕ್ ಕಿಸೆಯಿಂದ ತೆಗೆಯಲೇಬೇಡಿ.