ಹರಿಯುವ ನೀರಿನ ಫೋಟೋಗೆ 6 ಸ್ಟಾಪ್ ಎನ್‌ಡಿ ಫಿಲ್ಟರ್: ಹಲವು ಮಳೆಗಾಲ ಬಳಸಿದ ಮೇಲೆ

ಕಾವೇರಿಯ ಬಲಮುರಿ, ಗಗನಚುಕ್ಕಿ, ಚುಂಚನಕಟ್ಟೆಗಳಲ್ಲಿ ಹಲವು ಮಳೆಗಾಲ ಬಳಸಿರುವ 77 ಮಿ.ಮೀ. ತಿರುಪಿನ 6 ಸ್ಟಾಪ್ ಎನ್‌ಡಿ ಫಿಲ್ಟರ್ ಇದು. ಎನ್‌ಡಿ ಎಂದರೆ ಲೆನ್ಸಿನ ಮುಂದೆ ಹಾಕಿ ಬೆಳಕು ತಗ್ಗಿಸುವ ಕಪ್ಪು ಗಾಜು, ಶಟರ್ ಹೆಚ್ಚು ಹೊತ್ತು ತೆರೆದಿಡಲು. ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಒಂದೇ ಫಿಲ್ಟರ್ ಕೊಳ್ಳುವಷ್ಟು ದುಡ್ಡಿದ್ದರೆ ಇದನ್ನೇ ಕೊಳ್ಳಿ. ಕಾವೇರಿ ನೀರಿಗೆ 10 ಸ್ಟಾಪ್ ಹೆಚ್ಚಾಯಿತು. ತಿರುಗಿಸಿ ಕಪ್ಪನ್ನು ಹೆಚ್ಚು ಕಡಿಮೆ ಮಾಡುವ ವೇರಿಯಬಲ್ ಎನ್‌ಡಿಯೂ ಬೇಡ. ಅದು ಎರಡು ಪೋಲರೈಸರ್ (ಹೊಳಪು ತಗ್ಗಿಸುವ) ಗಾಜುಗಳ ಜೋಡಣೆ. ವೈಡ್ ಲೆನ್ಸ್‌ನಲ್ಲಿ ಕೊನೆಯವರೆಗೆ ತಿರುಗಿಸಿದರೆ ಚಿತ್ರದ ಮೇಲೆ ಗುಣಾಕಾರ ಚಿಹ್ನೆಯಂಥ ಕಪ್ಪು ಪಟ್ಟೆ ಬೀಳುತ್ತದೆ. ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸುವುದು ಬಹಳ ಕಷ್ಟ.

ಈ ಫಿಲ್ಟರ್ ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಮೋಡದ ಬೆಳಿಗ್ಗೆ ಐಎಸ್‌ಒ 100, ಎಫ್/11ರಲ್ಲಿ ಕ್ಯಾಮೆರಾದ ಮೀಟರ್ ಶಟರ್ ಸಮಯ 1/125 ಸೆಕೆಂಡು ತೋರಿಸಿದರೆ ಫಿಲ್ಟರ್ ಹಾಕಿದ ಮೇಲೆ ಅರ್ಧ ಸೆಕೆಂಡು. ಬಲಮುರಿಯ ಕಟ್ಟೆ ಮೇಲಿಂದ ಜಾರುವ ನೀರಿಗೆ ಅದೇ ಹದ: ನೀರು ನುಣುಪಾಗಿಯೂ ಕಾಣುತ್ತದೆ, ಎಳೆಗಳೂ ಉಳಿಯುತ್ತವೆ. ಅದೇ ಬೆಳಕಿನಲ್ಲಿ 10 ಸ್ಟಾಪ್ ಹಾಕಿದರೆ ಸುಮಾರು 8 ಸೆಕೆಂಡು. ಎಳೆಗಳೆಲ್ಲ ಕಲೆತು ಬಿಳಿ ಬಟ್ಟೆ ಹಾಸಿದ ಹಾಗಾಗುತ್ತದೆ.

ಗಗನಚುಕ್ಕಿಯ ಲೆಕ್ಕ ಬೇರೆ. ಮಳವಳ್ಳಿ ಕಡೆಯ ವೀಕ್ಷಣಾ ಸ್ಥಳದಿಂದ ಜಲಪಾತ ದೂರ. ವೈಡ್ ಲೆನ್ಸ್‌ನಲ್ಲಿ ನೀರು ಫ್ರೇಮಿನೊಳಗೆ ಹೆಚ್ಚು ಸರಿಯುವುದೇ ಇಲ್ಲ, ಅದಕ್ಕೇ 1ರಿಂದ 2 ಸೆಕೆಂಡು ಬೇಕು. ದೂರದ್ದನ್ನು ಹತ್ತಿರ ತರುವ 70-200 ಲೆನ್ಸ್‌ನಲ್ಲಿ ಧಾರೆಯೊಂದನ್ನೇ ಹಿಡಿದರೆ 1/4 ಸೆಕೆಂಡು ಸಾಕು, ಆದರೆ ಗಾಳಿಗೆ ಟ್ರೈಪಾಡ್ ಅಲ್ಲಾಡುತ್ತದೆ. ನಡುಗಂಬ ಎತ್ತಬೇಡಿ. ಬ್ಯಾಗ್ ತೂಗುಹಾಕುವುದಾದರೆ ಅದರ ತಳ ನೆಲಕ್ಕೆ ತಾಗಿರಲಿ, ಇಲ್ಲದಿದ್ದರೆ ಅದೇ ಓಲಾಡಿ ಚಿತ್ರ ಕೆಡಿಸುತ್ತದೆ.

ಮೊದಲು ಫ್ರೇಮ್, ಆಮೇಲೆ ಫೋಕಸ್. ಫೋಕಸನ್ನು ಮ್ಯಾನ್ಯುಯಲ್‌ಗೆ ತಿರುಗಿಸಿ, ಕೊನೆಗೆ ಫಿಲ್ಟರ್. ಕ್ರಮ ತಪ್ಪಿದರೆ ಮಂದ ಬೆಳಕಿನಲ್ಲಿ ಆಟೋಫೋಕಸ್ ತಡಕಾಡುತ್ತದೆ. 2 ಸೆಕೆಂಡಿನ ಟೈಮರ್ ಇರಲಿ. ಡಿಎಸ್‌ಎಲ್‌ಆರ್ ಆದರೆ ವ್ಯೂಫೈಂಡರ್ ಮುಚ್ಚಿ, ಹಿಂದಿನಿಂದ ನುಸುಳುವ ಬೆಳಕು ಮೀಟರನ್ನು ದಾರಿ ತಪ್ಪಿಸುತ್ತದೆ. ನೊರೆಯ ಬಿಳಿ ಬೇಗ ಸುಟ್ಟುಹೋಗುವುದರಿಂದ ಎಕ್ಸ್‌ಪೋಷರ್ 2/3 ಸ್ಟಾಪ್ ಇಳಿಸಿ, ಹಿಸ್ಟೋಗ್ರಾಂ (ಚಿತ್ರದ ಕಪ್ಪು-ಬಿಳುಪಿನ ಹಂಚಿಕೆ ತೋರಿಸುವ ನಕ್ಷೆ) ನೋಡಿ. ಎಫ್/16 ದಾಟಬೇಡಿ, ಕಿರಿದಾದ ತೂತಿನಲ್ಲಿ ಬೆಳಕು ಚದುರುವ ಡಿಫ್ರಾಕ್ಷನ್‌ನಿಂದ ಬಂಡೆಯ ಮೊನಚು ಹೋಗುತ್ತದೆ.

ಹೊಸ ನೀರು ಬಂದಾಗ ಕಾವೇರಿ ಕೆಂಪಗಿರುತ್ತದೆ. ಆಗ ಈ ಫಿಲ್ಟರ್ ಬಿಚ್ಚಿ ಚೀಲಕ್ಕೆ ಹಾಕಿ. ಮಣ್ಣಿನ ನೀರಲ್ಲಿ ನೊರೆಗೂ ನೀರಿಗೂ ಬಣ್ಣದ ಅಂತರ ಕಡಿಮೆ, ದೀರ್ಘ ಎಕ್ಸ್‌ಪೋಷರ್ ಇರುವ ಅಂತರವನ್ನೂ ಅಳಿಸುತ್ತದೆ. 1/15 ಸೆಕೆಂಡಿನ ಆಸುಪಾಸಿನಲ್ಲಿ ತೆಗೆದರೆ ಅಲೆಯ ರಭಸ ಉಳಿಯುತ್ತದೆ. ಚುಂಚನಕಟ್ಟೆಯ ಭೋರ್ಗರೆತಕ್ಕೆ ಅದೇ ಚೆಂದ.

ಫ್ರೇಮಿನ ವಿಷಯ ಫಿಲ್ಟರಿಗಿಂತ ದೊಡ್ಡದು. ನುಣುಪಾದ ನೀರಿನ ಪಕ್ಕ ಗಟ್ಟಿಯಾಗಿ ನಿಂತದ್ದು ಏನಾದರೂ ಇರಲೇಬೇಕು: ಒದ್ದೆ ಬಂಡೆ, ಬೇರು, ಕಟ್ಟೆಯ ಕಲ್ಲು. ನೀರು ಒಂದು ಮೂಲೆಯಿಂದ ಒಳಬಂದು ಓರೆಯಾಗಿ ಹರಿಯಲಿ. ಬಿಳಿ ಆಕಾಶವನ್ನು ಫ್ರೇಮಿನಿಂದ ಪೂರ್ತಿ ಹೊರಗಿಡಿ. ಒದ್ದೆ ಕಲ್ಲಿನ ಹೊಳಪು ತೆಗೆಯಲು ಪೋಲರೈಸರ್ ಬೇಕು, ಅದು ಇನ್ನೂ 1.5ರಿಂದ 2 ಸ್ಟಾಪ್ ತಿನ್ನುತ್ತದೆ. ಆದರೆ ಎರಡನ್ನೂ ಒಂದರ ಮೇಲೊಂದು ಹಾಕಿ ವೈಡ್ ಲೆನ್ಸ್‌ನಲ್ಲಿ 16 ಮಿ.ಮೀ.ಗೆ ಹೋದರೆ ಮೂಲೆಗಳು ಕಪ್ಪಾಗುತ್ತವೆ.

ದೋಷಗಳೂ ಇವೆ. ಬಣ್ಣ ತುಸು ಕಂದಿಗೆ ವಾಲುತ್ತದೆ. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲು) ತೆಗೆದರೆ ವೈಟ್ ಬ್ಯಾಲೆನ್ಸ್‌ನಲ್ಲಿ ಸರಿಹೋಗುತ್ತದೆ. ಫಿಲ್ಟರಿನ ಅಲ್ಯೂಮಿನಿಯಂ ಬಳೆ ಲೆನ್ಸಿಗೆ ಕಚ್ಚಿಕೊಳ್ಳುತ್ತದೆ. ಆಗ ಬೆರಳಲ್ಲಿ ಒತ್ತಿ ಹಿಡಿದಷ್ಟೂ ಬಳೆ ಬಾಗಿ ಇನ್ನೂ ಬಿಗಿಯಾಗುತ್ತದೆ. ಅಗಲ ರಬ್ಬರ್ ಬ್ಯಾಂಡ್ ಸುತ್ತಿ ಹಗುರಾಗಿ ತಿರುಗಿಸಿ. ಹಿತ್ತಾಳೆ ಬಳೆಯದು ಸಿಕ್ಕರೆ ದುಡ್ಡು ಹೆಚ್ಚಾದರೂ ಅದೇ ಇರಲಿ.

ಬಲಮುರಿ ಇರುವುದು ಕೆಆರ್‌ಎಸ್‌ನ ಕೆಳಗೆ. ಅಣೆಕಟ್ಟೆಯಿಂದ ನೀರು ಬಿಟ್ಟರೆ ಹರಿವು ಏರುತ್ತದೆ, ಟ್ರೈಪಾಡ್ ನೀರಿನ ನಡುವೆ ನಿಲ್ಲಿಸಬೇಡಿ.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ಬಿಳಿ ಗೋಡೆಯನ್ನು ಫಿಲ್ಟರ್ ಇಲ್ಲದೆ ಒಮ್ಮೆ, ಹಾಕಿ ಒಮ್ಮೆ, ವೈಟ್ ಬ್ಯಾಲೆನ್ಸ್ ಬದಲಿಸದೆ ತೆಗೆಯಿರಿ. ಶಟರ್ ಸಮಯ 64 ಪಟ್ಟು ಮಾಡಿದರೂ ಎರಡನೆಯದು ಮಂಕಾಗಿದ್ದರೆ, ಇಲ್ಲವೇ ಮಧ್ಯದ ಬಣ್ಣ ಒಂದು, ಅಂಚಿನ ಬಣ್ಣ ಇನ್ನೊಂದು ಆಗಿದ್ದರೆ ಬೇರೆಯದು ಕೇಳಿ.